ಹೇರ್ ಡ್ರೈಯರ್ ಹಿಡಿದು ಮೆಮೊರಿ ಆರಿಸಿದ ವಿಠಲ

ತಿರುವನಂತಪುರದ ಸೂಪರ್‌ಫಾಸ್ಟ್ ಬಸ್ಸಿನಿಂದ ಕೊಚ್ಚಿಯ ವೈಟ್ಟಿಲ ಜಂಕ್ಷನ್ನಿನಲ್ಲಿ ಇಳಿದಾಗ ವಿಠಲನ ಚೀಲದಲ್ಲಿ ಒಂದು ಥರ್ಮಾಮೀಟರ್, ಉಗುರಿನ ಬಣ್ಣ ಅಳಿಸುವ ದ್ರಾವಣದ ಸಣ್ಣ ಶೀಶೆ ಮತ್ತು ಹೆಂಡತಿಯ ಹೇರ್ ಡ್ರೈಯರ್ ಇದ್ದವು. ಅಂಗಿಯ ಜೇಬಿನಲ್ಲಿ ಒಂದು ಮೆಮೋ. ಮೂರು ದಿನದೊಳಗೆ ಉತ್ತರ ಕೊಡಬೇಕೆಂದು ಅದರಲ್ಲಿ ಟೈಪಾಗಿತ್ತು. ತೊಂಬತ್ತೊಂಬತ್ತನೇ ಇಸವಿಯ ಮೇ ತಿಂಗಳ ಕೊನೆಯ ವಾರ. ಆ ತಿಂಗಳಲ್ಲಿ ಇದು ಅವನ ಮೂರನೆಯ ಕೊಚ್ಚಿ ಪ್ರಯಾಣ, ಮೂರನೆಯ ಕ್ಯಾಶುವಲ್ ಲೀವು.

ಐದು ಗಂಟೆ ಬಸ್ಸಿನಲ್ಲಿ ಕುಳಿತು, ಬೆರಳಿನಷ್ಟು ಅಗಲದ ಒಂದು ಕಂಪ್ಯೂಟರ್ ಮೆಮೊರಿ ಪಟ್ಟಿಗಾಗಿ ನಲವತ್ತನಾಲ್ಕು ವರ್ಷದ ಮನುಷ್ಯ ಯಾಕೆ ಹೀಗೆ ಅಲೆಯಬೇಕು? ನಮ್ಮ ಕಚೇರಿಗಳಲ್ಲಿ ಯಾರೂ ವಸ್ತುವನ್ನು ನೋಡುವುದಿಲ್ಲ, ಅದಕ್ಕಾಗಿ. ವಸ್ತುವಿನ ಮೇಲೆ ಅಂಟಿಸಿದ ಚೀಟಿಯನ್ನು ನೋಡುತ್ತಾರೆ, ಚೀಟಿಗೆ ಸಹಿ ಹಾಕುತ್ತಾರೆ, ಸಹಿಯನ್ನು ಫೈಲಿನಲ್ಲಿಟ್ಟು ಊಟಕ್ಕೆ ಹೋಗುತ್ತಾರೆ.

ವಿಠಲ ಕುಂಬಳೆಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ. ಆಮೇಲೆ ಕಾಸರಗೋಡಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಆರು ವರ್ಷ ಬೆಸುಗೆಯ ಕೆಲಸ. ಪರೀಕ್ಷೆ ಬರೆದು ತಿರುವನಂತಪುರದ ಪಟ್ಟಂನಲ್ಲಿರುವ ಕೇಂದ್ರ ಸರಕಾರದ ಸಂಸ್ಥೆಯೊಂದಕ್ಕೆ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ಸೇರಿದ. ಹದಿನಾರು ವರ್ಷಗಳಾದವು, ಹುದ್ದೆ ಅದೇ. ಸಂಸ್ಥೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ನನಗೇನೂ ಆಗದು, ಅವನಿಗೆ ಇನ್ನೊಂದು ಮೆಮೋ ಬರುತ್ತದೆ. ಹೆಂಡತಿ ವಿಜಯಾ ಕೂಡ ಕಾಸರಗೋಡಿನ ಕಡೆಯವಳೇ. ಮಗಳು ಇಂಚರಾ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ.

ಆ ಸಂಸ್ಥೆಯ ಒಂದು ಕೋಣೆಯಲ್ಲಿ ದಿನವೂ ಕಡಲಿನ ಲೆಕ್ಕ ನಡೆಯುತ್ತದೆ. ದೂರದ ಸಮುದ್ರದ ಗಾಳಿಯ ಅಂಕಿಗಳು ಬೆಳಿಗ್ಗೆ ಹತ್ತೂವರೆಗೆ ಬಂದು ಮುಟ್ಟುತ್ತವೆ. ಅವನ್ನು ಕಂಪ್ಯೂಟರಿಗೆ ಉಣಿಸಿದರೆ ಕೇರಳದ ಕರಾವಳಿಯ ಯಾವ ಜಾಗದಲ್ಲಿ ಅಲೆ ಎಷ್ಟು ಮೀಟರ್ ಏಳುತ್ತದೆ ಎಂದು ಅದು ಹೇಳುತ್ತದೆ. ಆ ಅಂಕಿಗಳು ಫೋನಿನಲ್ಲಿ ಕಡಲ ದಂಡೆಯ ಇಗರ್ಜಿಗಳಿಗೆ ಹೋಗುತ್ತವೆ, ಅಲ್ಲಿ ಮೈಕಿನಲ್ಲಿ ಓದುತ್ತಾರೆ. ಎರಡೂವರೆ ಮೀಟರ್ ದಾಟಿದರೆ ದೋಣಿ ಇಳಿಸಬೇಡಿ ಎಂದು ಅರ್ಥ. ದೋಣಿಗಳು ಇಳಿಯುವುದು ಸಂಜೆ ನಾಲ್ಕಕ್ಕೆ. ಲೆಕ್ಕ ಮುಗಿಯುತ್ತಿದ್ದುದು ನಾಲ್ಕೂ ಮುಕ್ಕಾಲಿಗೆ.

ಹಾಗಾದರೆ ನಾಲ್ಕರ ಮೊದಲು ಮೈಕಿನಲ್ಲಿ ಏನು ಓದುತ್ತಿದ್ದರು? ನಿನ್ನೆಯ ಅಂಕಿ. ನಿನ್ನೆಯದು ಎಂದು ಹೇಳದೆಯೇ ಓದುತ್ತಿದ್ದರು. ವರ್ಷಗಟ್ಟಲೆ.

ಇದು ವಿಠಲನಿಗೆ ಗೊತ್ತಿತ್ತು, ಆದರೆ ಮೈಗೆ ತಾಗಿರಲಿಲ್ಲ. ತಾಗಿಸಿದವಳು ಮೇರಿ. ಅಲ್ಯುಮಿನಿಯಂ ಚರಿಗೆ ತಲೆಯ ಮೇಲಿಟ್ಟುಕೊಂಡು ಪಟ್ಟಂನ ಬೀದಿಗಳಲ್ಲಿ ಮೀನು ಮಾರುವವಳು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಚರಿಗೆ ಇಳಿಸಿ ಮತ್ತಿ ಮೀನು, ವಿಠಲನ ಊರಿನ ಬೂತಾಯಿ, ಎಣಿಸುತ್ತಾ ಕೇಳಿದಳು.

"ಸಾರೇ, ಮೈಕಿನಲ್ಲಿ ಹೇಳುವ ಅಲೆಯ ಲೆಕ್ಕ ನಿಮ್ಮ ಆಫೀಸಿನದ್ದೇ ಅಲ್ಲವಾ?"

"ಹೌದು. ಎಂತಕ್ಕೆ?"

"ನನ್ನ ಗಂಡ ಅದನ್ನು ನಂಬುದಿಲ್ಲ. ಗಾಳಿ ನೋಡಿ ಕಡಲಿಗೆ ಹೋಗುವ ಜಾತಿ. ನಾನೇ ಜಗಳ ಮಾಡಿ ಕೇಳಿಸುದು. ಗಾಳಿ ಕಣ್ಣಿಗೆ ಕಾಣ್ತದೆ, ಆದರೆ ಗಾಳಿಯೇ ಇಲ್ಲದೆ ದೂರದಿಂದ ಏರಿ ಬರ್ತದಲ್ಲ ಕಳ್ಳಕಡಲು, ಅದು ಯಾರಿಗೆ ಕಾಣ್ತದೆ? ಅದನ್ನು ಪಟ್ಟಂನ ಮಿಷನ್ನು ನೋಡ್ತದೆ, ಅಲ್ಲಿ ನನ್ನ ಗಿರಾಕಿ ಸಾರ್ ಇದ್ದಾರೆ ಅಂತ ಹೇಳಿದ್ದೇನೆ."

ವಿಠಲ ಚೀಲ ಹಿಡಿದು ನಿಂತೇ ಇದ್ದ. ಒಳಗಿನಿಂದ ವಿಜಯಾ ಕೂಗಿದಳು: "ಎಂತ ಅಲ್ಲಿ, ಬೂತಾಯಿ ತರ್ಲಿಕ್ಕೆ ಹೋದವರು ಕಡಲಿಗೇ ಹೋದ್ರಾ?"

ಅದೇ ವಾರ ವಿಭಾಗದ ವಿಜ್ಞಾನಿ ವಿಶ್ವೇಶ್ವರ ಒಂದು ಉಪಾಯ ತಂದರು. ಮೈಸೂರಿನವರು, ಬುದ್ಧಿವಂತರು, ಕೆಟ್ಟವರಲ್ಲ. ವೇಗದ ಹೊಸ ಕಂಪ್ಯೂಟರಿಗಾಗಿ ಅವರು ಬರೆದ ಅರ್ಜಿ ಎರಡು ವರ್ಷದಿಂದ ದೆಹಲಿಯಲ್ಲಿ ಮೇಜು ಬದಲಾಯಿಸುತ್ತಿತ್ತು. ಇದ್ದ ಕಂಪ್ಯೂಟರಿನ ಪ್ರೊಸೆಸರ್ ಮುನ್ನೂರು ಮೆಗಾಹರ್ಟ್ಸ್‌ನದು. ಅದನ್ನೇ ತಯಾರಕರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವ ವಿದ್ಯೆಗೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಕಂಪ್ಯೂಟರಿನೊಳಗಿನ ಬೋರ್ಡಿನ ಮೇಲೆ ಕಡಲೆ ಬೀಜಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಟೋಪಿಗಳಿರುತ್ತವೆ, ಜಂಪರ್ ಎಂದು ಹೆಸರು. ಒಂದು ಟೋಪಿಯನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ಹಾಕಿದರೆ ಬೋರ್ಡಿನ ವೇಗ ಅರವತ್ತಾರರಿಂದ ನೂರಕ್ಕೆ ಏರುತ್ತದೆ, ಪ್ರೊಸೆಸರ್ ನಾನೂರ ಐವತ್ತಕ್ಕೆ. ಆಗ ಕಡಲಿನ ಲೆಕ್ಕ ಎರಡೂ ಮುಕ್ಕಾಲರೊಳಗೆ ಕೈಗೆ.

"ಸಿಂಪಲ್ ಕಣ್ರೀ ವಿಠಲ," ಎಂದರು ವಿಶ್ವೇಶ್ವರ. "ಪ್ರೊಸೆಸರ್ ತಡ್ಕೊಳ್ಳುತ್ತೆ, ನಾನು ನೋಡ್ದೆ. ಮೆಮೊರಿ ಒಂದು ನೂರರದ್ದು ಹಾಕ್ಬಿಟ್ರೆ ಆಗ್ಹೋಯ್ತು."

ಮೆಮೊರಿ ಬಂತು. ಮೂರು ಕೊಟೇಶನ್, ಅತಿ ಅಗ್ಗದ್ದಕ್ಕೆ ಮಂಜೂರಾತಿ, ಎರಡು ಪಟ್ಟಿ. ಎರಡರ ಮೇಲೂ ನೂರು ಎಂದು ಹೊಳೆಯುವ ಚೀಟಿ. ಸ್ಟೋರಿನವರು ಚೀಟಿ ನೋಡಿ ಪಾಸು ಮಾಡಿದರು. ಕಂಪ್ಯೂಟರ್ ಚಾಲೂ ಆಯಿತು, ನಾನೂರ ಐವತ್ತು ತೋರಿಸಿತು, ವಿಶ್ವೇಶ್ವರ ಕೋಣೆಗೆಲ್ಲ ಪರಿಪ್ಪುವಡೆ ತರಿಸಿದರು.

ವಿಠಲ ವಡೆ ತಿನ್ನಲಿಲ್ಲ. ರೇಡಿಯೋ ಅಂಗಡಿಯ ಮನುಷ್ಯ ಅವನು, ಹಾಡಿದ ಕೂಡಲೇ ರೇಡಿಯೋ ಸರಿಯಾಯಿತು ಎನ್ನುವವನಲ್ಲ. ನಿಧಾನದ ವೇಗದಲ್ಲಿ ಹಿಂದಿನ ವಾರ ಮಾಡಿದ ಒಂದು ದಿನದ ಲೆಕ್ಕವನ್ನೇ ಮತ್ತೆ ಹೊಸ ವೇಗದಲ್ಲಿ ಓಡಿಸಿದ. ಅದೇ ಗಾಳಿ, ಅದೇ ಕಡಲು, ಉತ್ತರವೂ ಅದೇ ಬರಬೇಕು. ಎರಡೂ ಕಾಗದಗಳನ್ನು ಮೇಜಿನ ಮೇಲೆ ಹಾಸಿ, ಅಡಿಪಟ್ಟಿ ಇಟ್ಟು, ಸಾಲಿನಿಂದ ಸಾಲಿಗೆ ಇಳಿದ. ಸಾವಿರದ ಇನ್ನೂರು ಸಾಲು. ನಾನೂರ ಹನ್ನೊಂದನೇ ಸಾಲಿನಲ್ಲಿ ಅಡಿಪಟ್ಟಿ ನಿಂತಿತು. ಹಳೆಯ ಕಾಗದದಲ್ಲಿ ೩.೨ ಮೀಟರ್, ಹೊಸದರಲ್ಲಿ ೨.೨.

ಕಂಪ್ಯೂಟರ್ ನಿಂತಿರಲಿಲ್ಲ, ದೂರಿರಲಿಲ್ಲ. ಒಂದೇ ಒಂದು ಅಂಕಿ ಸದ್ದಿಲ್ಲದೆ ಬದಲಾಗಿತ್ತು. ಮೂರೂ ಚಿಲ್ಲರೆ ಎಂದರೆ ಹೋಗಬೇಡಿ, ಎರಡೂ ಚಿಲ್ಲರೆ ಎಂದರೆ ಹೋಗಿ. ಆ ಸಾಲು ಯಾವ ಜಾಗದ್ದೆಂದು ನಕ್ಷೆಯಲ್ಲಿ ನೋಡಿದ. ಮೇರಿಯ ದಂಡೆಯಿಂದ ಆರು ಕಿಲೋಮೀಟರ್.

ನನಗೆ ಇದನ್ನೆಲ್ಲ ವಿವರಿಸುವಾಗ ಅವನು ಯಕ್ಷಗಾನಕ್ಕೆ ಹೋದ. "ಭಾಗವತ ತಾಳ ಏರಿಸಿದ ಮೇಲೆ ವೇಷ ಕುಣಿಯಲೇ ಬೇಕು ಮಾರ್ರೆ. ಕಾಲು ಬಾರದವ ರಂಗಸ್ಥಳದಲ್ಲಿ ಬಿದ್ದರೆ ಅಡ್ಡಿ ಇಲ್ಲ, ಎಲ್ಲರಿಗೂ ಕಾಣ್ತದೆ. ಬೀಳದೆ ತಪ್ಪು ಹೆಜ್ಜೆ ಹಾಕ್ತಾನಲ್ಲ, ಅವನನ್ನು ಹಿಡಿಯುದು ಯಾರು?"

ಸಂಜೆ ವಿಜಯಾಳ ಉಗುರಿನ ಬಣ್ಣ ಅಳಿಸುವ ಶೀಶೆ ತೆಗೆದುಕೊಂಡು ಹತ್ತಿಯನ್ನು ಅದರಲ್ಲಿ ಅದ್ದಿ ಮೆಮೊರಿ ಪಟ್ಟಿಯ ಮೇಲಿನ ಕಪ್ಪು ಚಿಪ್ಪುಗಳಲ್ಲಿ ಒಂದನ್ನು ಉಜ್ಜಿದ. ಈ ಚಿಪ್ಪುಗಳ ಬೆನ್ನ ಮೇಲೆ ಸಾಲಿನ ಕೊನೆಗೆ ಒಂದು ಸಂಖ್ಯೆ ಇರುತ್ತದೆ. ಅದು ಚಿಕ್ಕದಾದಷ್ಟೂ ಚಿಪ್ಪು ಚುರುಕು. ಎಂಟು ಎಂದರೆ ನೂರರ ವೇಗಕ್ಕೆ ಸರಿ, ಹತ್ತು ಎಂದರೆ ಅರವತ್ತಾರಕ್ಕೆ ಸಾಕು. ಹತ್ತಿಗೆ ಬಿಳಿ ಶಾಯಿ ಹತ್ತಿಕೊಂಡಿತು. ಎಂಟು ಅಳಿಸಿಹೋಯಿತು. ಅದರ ಅಡಿಯಲ್ಲಿ, ಬೆಳಕಿಗೆ ಓರೆ ಹಿಡಿದರೆ, ಕೆತ್ತಿದ ಹತ್ತು.

ಯಾರೋ ಎಲ್ಲಿಯೋ ಕುಳಿತು ಹತ್ತನ್ನು ಎಂಟು ಮಾಡಿದ್ದ. ಅವನಿಗೆ ಕಡಲೂ ಗೊತ್ತಿಲ್ಲ, ಮೇರಿಯೂ ಗೊತ್ತಿಲ್ಲ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊಳೆಯುವ ಚೀಟಿಗೆ ತಲೆಯಾಡಿಸಿದವರ ಮೇಲೆ ಇದೆ.

"ಹಾಗಾದ್ರೆ ವೋಲ್ಟೇಜ್ ಏರಿಸ್ರೀ," ಎಂದರು ವಿಶ್ವೇಶ್ವರ. "ಮೆಮೊರಿಗೆ ಮೂರು ಪಾಯಿಂಟ್ ಮೂರು ಹೋಗ್ತಿದೆ. ಮೂರು ಪಾಯಿಂಟ್ ಆರು ಕೊಟ್ರೆ ಸುಸ್ತಾದ ಚಿಪ್ಪೂ ಎದ್ದು ನಿಲ್ಲುತ್ತೆ ಅಂತ ಓದ್ದೆ. ಒಂದು ರೆಸಿಸ್ಟರ್ ಬದಲಾಯಿಸಿದ್ರೆ ಸಾಕಂತೆ. ನಿಮ್ ಕೈಗೆ ಅದೇನ್ ಮಹಾ?"

ಆ ಬೋರ್ಡಿನಲ್ಲಿ ಮೆಮೊರಿಯ ವೋಲ್ಟೇಜ್ ಹೆಚ್ಚಿಸಲು ದಾರಿಯಿರಲಿಲ್ಲ. ಬೆಸುಗೆ ಹಾಕಿ ಕದ್ದು ಹೆಚ್ಚಿಸಬಹುದಿತ್ತು, ಆದರೆ ಅದೇ ತಂತಿಯಲ್ಲಿ ಬೋರ್ಡಿನ ಬೇರೆ ಚಿಪ್ಪುಗಳೂ ಬದುಕುತ್ತಿದ್ದವು.

"ಆಗುದಿಲ್ಲ ಸಾರ್," ಎಂದ ವಿಠಲ. "ನಮ್ಮ ರೇಡಿಯೋ ಅಂಗಡಿಯ ಧಣಿ ಇದನ್ನೇ ಮಾಡ್ತಿದ್ದರು. ಮುದಿ ವಾಲ್ವಿಗೆ ಸ್ವಲ್ಪ ಜಾಸ್ತಿ ಕೊಡುದು. ಒಂದು ವಾರ ಗಂಟಲು ಬಿಚ್ಚಿ ಹಾಡ್ತದೆ, ಆಮೇಲೆ ಸತ್ತುಹೋಗ್ತದೆ, ಗಿರಾಕಿ ವಾಪಸ್ ಬಂದು ಬೈತಾನೆ. ಇಲ್ಲಿಯ ಗಿರಾಕಿ ವಾಪಸ್ ಬರುದಿಲ್ಲ ಸಾರ್."

ವಿಶ್ವೇಶ್ವರ ವೋಲ್ಟೇಜಿನ ಮಾತು ಬಿಟ್ಟರು. "ಮತ್ತೇನ್ ಮಾಡೋಣ ಅಂತೀರಿ?"

"ಚಿಪ್ಪನ್ನೇ ಆರಿಸಬೇಕು. ಮೂರು ಪಾಯಿಂಟ್ ಮೂರರಲ್ಲಿ ನೂರು ಓಡುವಂಥದ್ದು. ಎರ್ನಾಕುಲಂನಲ್ಲಿ ಸಿಗಬಹುದು."

ಎರ್ನಾಕುಲಂನಲ್ಲಿ ಕಾಯಲಿನ, ಎಂದರೆ ಹಿನ್ನೀರಿನ, ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಅಜಿತ್ ಎಂಬವನ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ. ಮೂವತ್ತು ವರ್ಷದವನು, ಬಾಯಿ ಜೋರು, ಆದರೆ ಟ್ರೇ ಮುಂದಿಟ್ಟು ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುವ ಧೈರ್ಯ ಅವನಿಗಿತ್ತು. ಮೊದಲ ಸಲ ಹೋದಾಗ ವಿಠಲ ಹದಿನೆಂಟು ಪಟ್ಟಿಗಳನ್ನು ಉಜ್ಜಿ ನೋಡಿದ, ಶಾಯಿ ಬಿಡದ ಐದನ್ನು ತೆಗೆದಿಟ್ಟ, ಅಂಗಡಿಯ ಕಂಪ್ಯೂಟರಿನಲ್ಲಿ ಒಂದೊಂದನ್ನೂ ನೂರರಲ್ಲಿ ಓಡಿಸಿದ. ಐದೂ ಪಾಸು. ಎರಡನ್ನು ತೆಗೆದುಕೊಂಡು ಬಸ್ಸಿನಲ್ಲಿ ಮಡಿಲಿನ ಮೇಲಿಟ್ಟುಕೊಂಡು ಬಂದ.

ಪಟ್ಟಂನಲ್ಲಿ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಎರಡೂ ಫೇಲಾದವು.

ಅವನು ತನ್ನನ್ನೇ ಬೈದುಕೊಂಡದ್ದು ಆಗ. ಅಜಿತನ ಅಂಗಡಿಯಲ್ಲಿ ಎಸಿ ಇತ್ತು, ಮೂಳೆ ನಡುಗುವ ಚಳಿ. ಪಟ್ಟಂನ ಕೋಣೆಯ ಎಸಿ ಮಾರ್ಚಿನಲ್ಲಿ ಕೆಟ್ಟದ್ದು, ರಿಪೇರಿಯ ಫೈಲು ಯಾವ ಮೇಜಿನಲ್ಲಿ ಮಲಗಿತ್ತೋ. ಥರ್ಮಾಮೀಟರ್ ಮೂವತ್ತೈದು ತೋರಿಸುತ್ತಿತ್ತು, ಪೆಟ್ಟಿಗೆಯೊಳಗೆ ನಲವತ್ತೊಂಬತ್ತು. ಹದಿನಾರು ವರ್ಷ ಆ ಸೆಖೆಯಲ್ಲಿ ಬೆವರಿದವನು ಚಿಪ್ಪುಗಳೂ ಬೆವರುತ್ತವೆ ಎಂಬುದನ್ನು ಮರೆತಿದ್ದ.

ಆದ್ದರಿಂದ ಎರಡನೆಯ ಪ್ರಯಾಣದಲ್ಲಿ ಹೇರ್ ಡ್ರೈಯರ್.

"ಎಂತದು ನಿಮ್ಮದು?" ಎಂದಿದ್ದಳು ವಿಜಯಾ. "ನನ್ನ ತಲೆ ಒದ್ದೆ ಇರ್ಲಿ, ಮಿಷನ್ನಿನ ತಲೆ ಒಣಗ್ಲಿ ಅಂತವಾ?"

ಅಜಿತ್ ಕೈ ತಟ್ಟಿ ನಕ್ಕ. "ಚೇಟ್ಟಾ, ಇದು ಬ್ಯೂಟಿ ಪಾರ್ಲರ್ ಅಲ್ಲ! ಮೆಮೊರಿಗೆ ಸ್ಟೈಲ್ ಮಾಡ್ತೀರಾ? ಪಕ್ಕದ ಅಂಗಡಿಯವರನ್ನು ಕರೀಲಾ, ನೋಡ್ಲಿಕ್ಕೆ?"

"ಕರಿ. ಬಂದವರು ಥರ್ಮಾಮೀಟರ್ ಹಿಡಿಯಲಿ."

ತೆರೆದ ಪೆಟ್ಟಿಗೆಯೊಳಗೆ ಬಿಸಿಗಾಳಿ ಬಿಡುತ್ತಾ, ಐವತ್ತು ಡಿಗ್ರಿ ಮೀರದಂತೆ ಇಳಿಯದಂತೆ ನೋಡಿಕೊಳ್ಳುತ್ತಾ ವಿಠಲ ಮೊಣಕಾಲೂರಿ ಕುಳಿತ. ಎಸಿಯ ಚಳಿ ಒಂದು ಕಡೆಯಿಂದ, ಡ್ರೈಯರಿನ ಬಿಸಿ ಇನ್ನೊಂದು ಕಡೆಯಿಂದ. ಒಂದು ಪಟ್ಟಿಗೆ ಅರ್ಧ ಗಂಟೆ. ಮೂರು ಪಟ್ಟಿ ಸತ್ತವು. ನಾಲ್ಕನೆಯದಕ್ಕೆ ಅಜಿತನ ನಗು ಕಡಿಮೆಯಾಗಿತ್ತು.

"ಇಷ್ಟು ಎಂತಕ್ಕೆ ಚೇಟ್ಟಾ? ಹುಡುಗರು ಗೇಮ್ ಆಡ್ಲಿಕ್ಕೆ ಓವರ್‌ಕ್ಲಾಕ್ ಮಾಡ್ತಾರೆ, ಹ್ಯಾಂಗ್ ಆದ್ರೆ ರೀಸ್ಟಾರ್ಟ್ ಹೊಡೀತಾರೆ. ನಿಮ್ಮದು ಯಾವ ಗೇಮು?"

ವಿಠಲ ಡ್ರೈಯರ್ ಕೆಳಗಿಡದೆಯೇ ೩.೨ ಮತ್ತು ೨.೨ರ ಕಥೆ ಹೇಳಿದ. ಮೇರಿ ಗಂಡನೊಡನೆ ಜಗಳವಾಡಿ ಮೈಕು ಕೇಳಿಸುವುದನ್ನೂ ಹೇಳಿದ. ಅಜಿತ್ ಎದ್ದು ಹೋಗಿ ಗೋಡೆಯ ಸ್ವಿಚ್ಚು ಒತ್ತಿದ. ಎಸಿ ನಿಂತಿತು. ಬಾಗಿಲು ತೆರೆದಿಟ್ಟ, ಅಂಗಿಯ ಎರಡು ಗುಂಡಿ ಬಿಚ್ಚಿದ, ಇನ್ನೊಂದು ಟ್ರೇ ತಂದು ಮುಂದಿಟ್ಟ. ಮಧ್ಯಾಹ್ನವಿಡೀ ಇಬ್ಬರೂ ಬೆವರಿದರು.

ಇಷ್ಟಾದರೂ ಬಿಸಿಯಲ್ಲಿ ನೂರರ ವೇಗ ತಾಳಿಕೊಂಡದ್ದು ಒಂದೇ ಒಂದು. ಬೇಕಿದ್ದದ್ದು ಎರಡು, ಒಂದರಲ್ಲಿ ಅಷ್ಟು ದೊಡ್ಡ ಕಡಲು ಹಿಡಿಸುವುದಿಲ್ಲ. ಉಳಿದವುಗಳಲ್ಲಿ ಒಳ್ಳೆಯದೆನಿಸಿದ ಒಂದನ್ನು ಜೊತೆಗೆ ತಂದ. ಬೋರ್ಡಿನಲ್ಲಿ ಅರವತ್ತಾರಕ್ಕೂ ನೂರಕ್ಕೂ ನಡುವೆ ಎಂಬತ್ಮೂರು ಎಂಬ ಇನ್ನೊಂದು ಮೆಟ್ಟಿಲಿತ್ತು. ಅದರಲ್ಲಿ ಈ ಜೋಡಿ ಐದು ಮಧ್ಯಾಹ್ನ ಓಡಿತು, ಐದು ಸಲವೂ ಸಾವಿರದ ಇನ್ನೂರು ಸಾಲು ಹೊಂದಿದವು. ಲೆಕ್ಕ ಮುಗಿದದ್ದು ಮೂರೂವರೆಗೆ. ದೋಣಿ ಇಳಿಯಲು ಇನ್ನೂ ಅರ್ಧ ಗಂಟೆ. ವಿಠಲ ಅಂದು ವಡೆ ತಾನೇ ತರಿಸಿದ.

ವಿಶ್ವೇಶ್ವರ ವಡೆ ಕೈಯಲ್ಲಿ ಹಿಡಿದು ಪೇಚಾಡಿದರು. "ದೆಹಲಿಗೆ ನಾನೂರ ಐವತ್ತು ಅಂತ ಬರೆದಾಗಿದೆ ಕಣ್ರೀ. ಇಪ್ಪತ್ತನೇ ತಾರೀಕು ಉದ್ಘಾಟನೆ. ಡೈರೆಕ್ಟರ್ ಭಾಷಣದಲ್ಲೂ ನಾನೂರ ಐವತ್ತೇ ಇದೆ. ಟೆಸ್ಟ್ ಮಾಡಿದೆ, ನೂರರಲ್ಲಿ ಸರಿ ಇದೆ ಅಂತ ಒಂದು ಸಹಿ ಹಾಕಿಬಿಡಿ. ಆಮೇಲೆ ನೋಡ್ಕೊಳ್ಳೋಣ."

"ಎಂಬತ್ಮೂರಕ್ಕೆ ಹಾಕ್ತೇನೆ ಸಾರ್."

"ಭಾಷಣ ಯಾರು ಬದಲಾಯಿಸ್ತಾರೆ?"

"ಅದು ನನಗೆ ಗೊತ್ತಿಲ್ಲ. ಕಾಗದ ಕೊಡಿ, ಎಂಬತ್ಮೂರಕ್ಕೆ ಈಗಲೇ ಹಾಕ್ತೇನೆ."

ಬೇರೆ ಯಾರೋ ಸಹಿ ಹಾಕಿದರು. ಇಪ್ಪತ್ತನೆಯ ತಾರೀಕು ಕಂಪ್ಯೂಟರನ್ನು ಸಭಾಂಗಣಕ್ಕೆ ಹೊತ್ತರು, ಜಂಪರನ್ನು ನೂರಕ್ಕೆ ಹಾಕಿದರು. ಬಣ್ಣಬಣ್ಣದ ಕಡಲು ಪರದೆಯ ಮೇಲೆ ತೇಲಿತು, ಒಂದು ಅಂಕಿಯೂ ತಪ್ಪಲಿಲ್ಲ, ಚಪ್ಪಾಳೆ ಬಿತ್ತು. ಯಾಕೆ ತಪ್ಪುತ್ತದೆ? ಸಭಾಂಗಣದಲ್ಲಿ ಎಸಿ ಇತ್ತು. ಭಾಷಣ ಕೇಳುವವರಿಗೆ ಎಸಿ, ಲೆಕ್ಕ ಮಾಡುವ ಯಂತ್ರಕ್ಕೆ ಫೈಲು.

ಮರುದಿನ ಯಂತ್ರ ಬಿಸಿ ಕೋಣೆಗೆ ಮರಳಿತು. ವಿಠಲ ಪೆಟ್ಟಿಗೆ ಬಿಚ್ಚಿ ಟೋಪಿಯನ್ನು ಎಂಬತ್ಮೂರಕ್ಕೆ ಹಾಕಿದ. ಅದರ ಮರುದಿನ ನೋಡಿದರೆ ಯಾರೋ ನೂರಕ್ಕೆ ಹಾಕಿದ್ದರು. ಮತ್ತೆ ಬದಲಾಯಿಸಿದ. ಮೂರು ದಿನ ಈ ಕುಸ್ತಿ. ನಾಲ್ಕನೆಯ ದಿನ ಬಂದದ್ದು ಮೆಮೋ: ಪ್ರಮಾಣೀಕೃತ ವೇಗಕ್ಕಿಂತ ಕಡಿಮೆ ವೇಗದಲ್ಲಿ ಸರಕಾರಿ ಯಂತ್ರವನ್ನು ಓಡಿಸಿದ್ದೇಕೆ?

ಮೆಮೋ ಬಂದ ದಿನ ಬೆಳಿಗ್ಗೆ ಮೇರಿ ಕೇಳಿದ್ದಳು: "ಸಾರೇ, ಈಗ ಮೈಕಿನಲ್ಲಿ ಇಂದಿನ ಲೆಕ್ಕ ಅಂತ ಹೇಳ್ತಾರೆ. ಮೊದಲು ಯಾವ ದಿನದ್ದು ಇತ್ತು?"

ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿನ್ನೆಯದು."

ಅವಳು ಚರಿಗೆ ತಲೆಗೇರಿಸಿಕೊಂಡಳು. ಬೈಯಲಿಲ್ಲ. "ನನ್ನ ಗಂಡನಿಗೆ ಹೇಳಬೇಡಿ," ಎಂದಷ್ಟೇ ಅಂದು ಹೋದಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ವಿಠಲ ನನ್ನಲ್ಲಿ ಮೂರು ಸಲ ಹೇಳಿದ್ದಾನೆ.

ಮೆಮೋಗೆ ಅವನು ಬರೆದ ಉತ್ತರ ಒಂದೇ ಸಾಲು: ಲಗತ್ತಿಸಿದ ಎರಡು ಕಾಗದಗಳ ನಾನೂರ ಹನ್ನೊಂದನೇ ಸಾಲು ನೋಡಬೇಕಾಗಿ ವಿನಂತಿ. ಅದನ್ನು ಹಿಂದಿನ ಸಂಜೆ ವಿಶ್ವೇಶ್ವರರ ಮೇಜಿನ ಮೇಲಿಟ್ಟು, ಬೆಳಗಿನ ಬಸ್ಸು ಹತ್ತಿದ್ದ. ನೂರರಲ್ಲಿ ನಿಜವಾಗಿ ಓಡುವ ಎರಡನೆಯ ಪಟ್ಟಿ ಸಿಕ್ಕಿಬಿಟ್ಟರೆ ಜಗಳವೇ ಇರುವುದಿಲ್ಲ. ಆದರೆ ಬಸ್ಸು ಆಲಪ್ಪುಳ ದಾಟುವಾಗ ಅವನಿಗೆ ಹೊಳೆಯಿತು: ತಾನು ಇಲ್ಲಿ, ಯಂತ್ರ ಅಲ್ಲಿ. ಇಂದು ಟೋಪಿ ಎಲ್ಲಿದೆ?

ಅಜಿತನ ಅಂಗಡಿಗೆ ಮುಟ್ಟುವಾಗ ಹನ್ನೊಂದು ಗಂಟೆ. ಅಂಗಡಿಯವನು ಚೀಲದಿಂದ ಇಣುಕುತ್ತಿದ್ದ ಡ್ರೈಯರಿನ ವಯರನ್ನು ನೋಡಿದ, ಎಸಿಯ ಸ್ವಿಚ್ಚು ಆರಿಸಿದ.

"ಹೊಸ ಟ್ರೇ ಬಂದಿದೆ ಚೇಟ್ಟಾ. ಕೂತ್ಕೊಳ್ಳಿ."

"ಮೊದಲು ಒಂದು ಫೋನು."

ಪಟ್ಟಂನ ಕೋಣೆಯಲ್ಲಿ ಫೋನು ಎಂಟು ಸಲ ಬಡಿದುಕೊಂಡಿತು. ಎತ್ತಿದವರು ವಿಶ್ವೇಶ್ವರರೇ.

"ಸಾರ್, ವಿಠಲ. ಎಷ್ಟರಲ್ಲಿ ಓಡ್ತಾ ಉಂಟು?"

ಆ ಕಡೆ ಕಾಗದ ಮಗುಚಿದ ಸದ್ದು.

"ನಾನೂರ ಹನ್ನೊಂದು ನೋಡ್ದೆ ಕಣ್ರೀ. ನಿನ್ನೆ ನೂರರಲ್ಲಿ ಓಡಿದ್ದನ್ನೂ ತೆಗೆದು, ರಾತ್ರಿಯಿಡೀ ನಿಧಾನದಲ್ಲಿ ಮತ್ತೆ ಮಾಡಿಸಿ, ಸಾಲಿಗೆ ಸಾಲು ಜೋಡಿಸಿ ನೋಡ್ದೆ. ಅದರಲ್ಲಿ ಎರಡು ಸಾಲು ತಪ್ಪು. ದೊಡ್ಡದಲ್ಲ, ಆದ್ರೂ ತಪ್ಪು ತಪ್ಪೇ. ಎಂಬತ್ಮೂರಕ್ಕೆ ಹಾಕಿದೀನಿ. ನಾನೇ ಹಾಕ್ದೆ. ಆ ಟೋಪಿ ಹಿಡಿಯೋಕೆ ಇಕ್ಕಳ ಬೇಕು ಅಂತ ಹೇಳ್ಬಾರ್ದಿತ್ತೇನ್ರೀ? ಉಗುರು ಕಿತ್ತೋಯ್ತು."

"ಮೆಮೋ ಸಾರ್?"

"ಮೆಮೋ ಡೈರೆಕ್ಟರ್‌ದು. ಅದು ಇರುತ್ತೆ."

ಇದೆ. ನಾನು ಇದನ್ನು ಬರೆಯುವ ಈ ದಿನದವರೆಗೂ ಆ ಮೆಮೋ ಅವನ ಸರ್ವಿಸ್ ಬುಕ್ಕಿನಲ್ಲಿದೆ. ಸುಳ್ಳು ಪತ್ರಕ್ಕೆ ಸಹಿ ಹಾಕಿದವರ ಪುಸ್ತಕದಲ್ಲಿ ಒಂದು ಚುಕ್ಕೆಯೂ ಇಲ್ಲ.

ವಿಠಲ ಫೋನು ಇಟ್ಟ. ಅಂಗಡಿಯ ಗಡಿಯಾರ ನೋಡಿದ. ಮೂರೂವರೆಗೆ ಇನ್ನೂ ನಾಲ್ಕು ಗಂಟೆಗೂ ಹೆಚ್ಚು ಸಮಯವಿತ್ತು. ಕೋಣೆ ಆಗಲೇ ಕಾಯತೊಡಗಿತ್ತು, ಅಜಿತ್ ಎರಡು ಗುಂಡಿ ಬಿಚ್ಚಿದ್ದ. ವಿಠಲ ಟ್ರೇಯಿಂದ ಮೊದಲ ಪಟ್ಟಿಯನ್ನು ಎತ್ತಿ ಬೆಳಕಿಗೆ ಓರೆ ಹಿಡಿದ, ಹತ್ತಿಯನ್ನು ಶೀಶೆಯಲ್ಲಿ ಅದ್ದಿದ.